ಶಾಖದ ಗುಂಡಿಯೂ ಮೂರನೆಯ ಅಭ್ಯರ್ಥಿಯೂ

ವೆಂಡಲ್ ಕ್ರೂಗರ್ ಎಂಬ ಅರವತ್ತೆರಡು ವರ್ಷದ ಮನುಷ್ಯ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಸ್ವಂತ ಮನೆಯಲ್ಲಿ, ಸ್ವಂತ ಸೋಫಾದ ಮೇಲೆ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ಕೈಗೆ ಉಣ್ಣೆಯ ಗವಸು. ಗವಸು ತೊಟ್ಟು ಪತ್ರಿಕೆಯ ಹಾಳೆ ತಿರುವುವ ಕಷ್ಟ ತಿರುವಿದವರಿಗೇ ಗೊತ್ತು. ಅವನು ಮೂರನೆಯ ಪುಟದಿಂದ ನೇರವಾಗಿ ಒಂಬತ್ತನೆಯ ಪುಟಕ್ಕೆ ಹಾರಿ, ರಸ್ತೆ ರಿಪೇರಿಯ ಸುದ್ದಿ ಇದ್ದಕ್ಕಿದ್ದಂತೆ ಹಂದಿಗಳ ಬೆಲೆಯಾಗಿ ಮುಗಿದದ್ದನ್ನು ಕಂಡು ತಲೆ ಕೆರೆದುಕೊಂಡ. (ಟೊಪ್ಪಿಗೆಯ ಮೇಲಿಂದಲೇ ಕೆರೆದುಕೊಂಡದ್ದರಿಂದ ಏನೂ ಪ್ರಯೋಜನವಾಗಲಿಲ್ಲ.)

ಆಗ ಏಪ್ರಿಲ್ ತಿಂಗಳು. ಬೇರೆ ಕಡೆ ಹೂವು ಅರಳುವ ಕಾಲವಂತೆ. ವಿಸ್ಕಾನ್ಸಿನ್ನಿನ ಉತ್ತರ ತುದಿಯ ಲಿಟಲ್ ಆಟರ್ ಎಂಬ ಆ ಊರಿನಲ್ಲಿ ಇನ್ನೂ ಮೊಣಕಾಲುದ್ದ ಹಿಮ ಬಿದ್ದಿತ್ತು. ಅದರ ಬಗ್ಗೆ ವೆಂಡಲನ ತಕರಾರಿರಲಿಲ್ಲ. ಹಿಮ ಹೊರಗಿರುತ್ತದೆ, ಇರಲಿ. ಅವನ ತಕರಾರೆಲ್ಲ ಒಳಗಿನ ಗೋಡೆಯ ಮೇಲಿದ್ದ ಥರ್ಮೋಸ್ಟಾಟ್ ಎಂಬ ಶಾಖದ ಗುಂಡಿಯ ಬಗ್ಗೆ. ಗುಂಡಿಯ ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಗೊಂದು ಪುಟ್ಟ ಬೀಗ, ಬೀಗದ ಕೀಲಿ ಹೆಂಡತಿ ಆರ್ಡಿಸಳ ಕೊರಳ ಸರದಲ್ಲಿ, ಶಿಲುಬೆಯ ಪಕ್ಕದಲ್ಲಿ. ಗುಂಡಿ ಅರವತ್ತೊಂದು ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ ನಮ್ಮ ಲೆಕ್ಕದ ಹದಿನಾರರಲ್ಲಿ, ನಿಂತು ಹನ್ನೆರಡು ವರ್ಷವಾಗಿತ್ತು. ಎಪ್ಪತ್ತೆರಡು ಎಂದರೆ ಅಂಗಿ ಹಾಕಿಕೊಂಡು ಕೂರುವ ಸುಖ. ಅರವತ್ತೊಂದು ಎಂದರೆ ಟೊಪ್ಪಿಗೆ, ಗವಸು ಮತ್ತು ಮದುವೆಯಾದ ದಿನವನ್ನು ನೆನೆದು ಬಿಡುವ ನಿಟ್ಟುಸಿರು.

ತಪ್ಪು ಇಬ್ಬರದೂ ಅಲ್ಲ, ಕಸುಬಿನದು. ಆರ್ಡಿಸ್ ಮೂವತ್ತು ವರ್ಷ ಚೀಸ್ ಕಾರ್ಖಾನೆಯ ತಣ್ಣನೆಯ ಕೋಣೆಯಲ್ಲಿ ಚೀಸಿನ ಗಾಲಿಗಳನ್ನು ಮಗುಚಿ ಹಾಕುತ್ತ ಬಂದವಳು. ಅದಕ್ಕಿಂತ ಬೆಚ್ಚಗಿರುವ ಜಾಗವೆಲ್ಲ ಅವಳಿಗೆ ಕುಲುಮೆ. ವೆಂಡಲ್ ಅಷ್ಟೇ ವರ್ಷ ಜಿಲ್ಲೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಲಾರಿಯ ಹೀಟರನ್ನು ಕೊನೆಯ ಗೆರೆಗೆ ತಿರುಗಿಸಿ, ಬನಿಯನ್ನಿನಲ್ಲಿ ಕೂತು, ಹೊರಗಿನ ಬಿರುಗಾಳಿಯನ್ನು ಕಿಟಕಿಯಿಂದ ನೋಡುತ್ತ ಬದುಕಿದವನು. ನೌಕರಿ ಇರುವತನಕ ಹಗಲು ಲಾರಿಯಲ್ಲಿ ಬೇಯುತ್ತಿದ್ದ, ರಾತ್ರಿ ಕಂಬಳಿಯೊಳಗೆ ಸೇರುತ್ತಿದ್ದ, ಹೇಗೋ ಸಾಗಿತ್ತು. ಫೆಬ್ರವರಿಯಲ್ಲಿ ನಿವೃತ್ತನಾದ. ಈಗ ದಿನದ ಇಪ್ಪತ್ತನಾಲ್ಕು ಗಂಟೆಯೂ ಅರವತ್ತೊಂದು.

"ಆರ್ಡಿಸ್, ಒಂದೇ ಒಂದು ಡಿಗ್ರಿ ಏರ್ಸೇ. ಅರವತ್ತೆರಡು. ಯಾರಿಗೂ ಹೇಳಲ್ಲ."

"ಕರಾರು ಕರಾರೇ ವೆಂಡಲ್. ನವೆಂಬರ್ ಬರಲಿ."

"ನವೆಂಬರ್ ಹೊತ್ತಿಗೆ ನಾನು ಮರಗಟ್ಟಿ ಹೋಗಿರ್ತೀನಿ. ನಿನ್ನ ಚೀಸ್ ಜೊತೆ ನನ್ನನ್ನೂ ಕಪಾಟಿನಲ್ಲಿ ಜೋಡ್ಸಿಡು."

"ಚೀಸು ಹಳೇದಾದಷ್ಟೂ ರುಚಿಯಾಗುತ್ತೆ ಕಣೋ. ನಿನ್ನನ್ನ ಇಟ್ಟು ಏನು ಮಾಡ್ಲಿ?"

ಕರಾರಿನ ವಿಷಯ ಹೇಳಲೇಬೇಕು. ಮದುವೆಯಾದ ಮೊದಲ ಚಳಿಗಾಲದಲ್ಲೇ ಗುಂಡಿಯ ಸಲುವಾಗಿ ಮಹಾಯುದ್ಧವಾಗಿ, ಒಂದು ಗಾಜಿನ ಬಟ್ಟಲು ವೀರಮರಣ ಹೊಂದಿ, ಕೊನೆಗೆ ಇಬ್ಬರೂ ಕೂತು ಒಂದು ಸಂಧಾನ ಮಾಡಿಕೊಂಡಿದ್ದರು. ಆರ್ಡಿಸ್ ಹುಟ್ಟಾ ರಿಪಬ್ಲಿಕನ್, ಅಂದರೆ ಆನೆ ಪಕ್ಷ. ವೆಂಡಲ್ ಅಜ್ಜನ ಕಾಲದಿಂದ ಡೆಮಾಕ್ರಟ್, ಅಂದರೆ ಕತ್ತೆ ಪಕ್ಷ. (ಇದು ಬೈಗುಳವಲ್ಲ, ಅವರ ಚಿಹ್ನೆಯೇ ಅದು. ಆದರೂ ಆರ್ಡಿಸ್ ಅದನ್ನು ಹೇಳುವಾಗ ಗಂಡನ ಮುಖ ನೋಡಿಯೇ ಹೇಳುತ್ತಿದ್ದಳು.) ನಾಲ್ಕು ವರ್ಷಕ್ಕೊಮ್ಮೆ ಬರುವ ಅಧ್ಯಕ್ಷರ ಚುನಾವಣೆಯಲ್ಲಿ, ಲಿಟಲ್ ಆಟರ್ ಊರಿನ ಮಟ್ಟಿಗೆ ಯಾರು ವೋಟು ಹಾಕಿದ ಅಭ್ಯರ್ಥಿ ಮುಂದೆ ಬರುತ್ತಾನೋ ಮುಂದಿನ ನಾಲ್ಕು ವರ್ಷ ಕೀಲಿ ಅವರದು. ಇಡೀ ದೇಶದ ಲೆಕ್ಕ ಹಿಡಿಯಲಿಲ್ಲ. ಅದು ಇತ್ಯರ್ಥವಾಗುವ ಹೊತ್ತಿಗೆ ಚಳಿಗಾಲವೇ ಮುಗಿದರೂ ಮುಗಿಯಿತು. ಕರಾರನ್ನು ಕಾಗದದ ಮೇಲೆ ಬರೆದು, ಇಬ್ಬರೂ ಸಹಿ ಹಾಕಿ, ಮನೆ ಕಾಯಿಸುವ ಯಂತ್ರದ ಕೋಣೆಯ ಬಾಗಿಲ ಒಳಗೆ ಅಂಟಿಸಿದ್ದರು.

ಮೊದಮೊದಲು ಕತ್ತೆ ಗೆದ್ದ ವರ್ಷಗಳೂ ಇದ್ದವು. ಆ ಸುವರ್ಣಯುಗದಲ್ಲಿ ವೆಂಡಲ್ ಜನವರಿಯಲ್ಲಿ ಚಡ್ಡಿ ಹಾಕಿಕೊಂಡು ಮನೆಯಲ್ಲಿ ಓಡಾಡಿದ್ದಾನೆ. ಆಮೇಲೆ ಸತತ ಮೂರು ಸಲ ಆನೆಯೇ ಗೆದ್ದಿತು. ಒಂದು ಸಲ ಒಂಬತ್ತು ವೋಟಿನಿಂದ, ಆಮೇಲೆ ಐದರಿಂದ, ಕಳೆದ ಸಲ ಬರೀ ಎರಡರಿಂದ. ಎರಡು ವೋಟು! ಆ ಎರಡು ವೋಟು ಯಾರದಿರಬಹುದೆಂದು ವೆಂಡಲ್ ನಾಲ್ಕು ವರ್ಷ ಇಗರ್ಜಿಯ ಪ್ರಾರ್ಥನೆಯ ಹೊತ್ತಿನಲ್ಲಿ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತಿದ್ದ.

ಅವನ ಬಾಳಿಗೆ ಬೆಳಕು ಮೂಡಿದ್ದು ಒಂದು ಶುಕ್ರವಾರ, ಸಾರಾಯಿ ಅಂಗಡಿಯ ಕರಿದ ಮೀನಿನ ಊಟದಲ್ಲಿ. ಆ ಊರಿನಲ್ಲಿ ಶುಕ್ರವಾರ ಸಂಜೆ ಮೀನು ತಿನ್ನದವನು ಒಂದೋ ಆಸ್ಪತ್ರೆಯಲ್ಲಿರಬೇಕು, ಇಲ್ಲ ಸತ್ತಿರಬೇಕು. ಎದುರಿಗೆ ಕೂತಿದ್ದವನು ಲೈಲ್ ಓಸ್ಟ್‌ಬಿ. ಎಪ್ಪತ್ತು ಹಸುಗಳ ಒಡೆಯ, ವೆಂಡಲನ ಬಾಲ್ಯಸ್ನೇಹಿತ, ಅವನೂ ಕತ್ತೆ. ಗೋಡೆಯ ಟೀವಿಯಲ್ಲಿ ಡೆಲ್ಬರ್ಟ್ ಕ್ವಿಲ್ ಕಾಣಿಸಿಕೊಂಡಿದ್ದ. ಇಪ್ಪತ್ತೆರಡು ವರ್ಷ ಅದೇ ಟೀವಿಯಲ್ಲಿ ಹವಾಮಾನ ಹೇಳಿ ನಿವೃತ್ತನಾದ ಈ ಮನುಷ್ಯ ಈಗ ಯಾವ ಪಕ್ಷಕ್ಕೂ ಸೇರದೆ ಅಧ್ಯಕ್ಷ ಪದವಿಗೇ ನಿಂತಿದ್ದ. ಎಷ್ಟೋ ಸಲ ಅವನ ಮಾತು ಸುಳ್ಳಾಗಿತ್ತು. ಆದರೆ ಸುಳ್ಳಾದ ಮಾರನೆಯ ದಿನ ಟೀವಿಯಲ್ಲಿ ಕ್ಷಮೆ ಕೇಳುತ್ತಿದ್ದ. ಹಾಗೆ ಕ್ಷಮೆ ಕೇಳುವ ಗಂಡಸನ್ನು ಆ ಊರಿನ ಹೆಂಗಸರು ಬೇರೆಲ್ಲೂ ಕಂಡಿರಲಿಲ್ಲವಾದ್ದರಿಂದ ಅವನ ಮೇಲೆ ಅವರಿಗೆ ಅಪಾರ ಗೌರವ.

"ಈ ಹವಾಮಾನದವನು ಗೆಲ್ಲೋದು ಅಷ್ಟರಲ್ಲೇ ಇದೆ," ಎಂದ ವೆಂಡಲ್.

"ಗೆಲ್ಲಲ್ಲ ಮಾರಾಯ. ಆದ್ರೆ ಸೋಲಿಸ್ತಾನೆ," ಎಂದ ಲೈಲ್.

"ಅದೆಂಗೆ?"

ಲೈಲ್ ತಟ್ಟೆಯನ್ನು ನಡುವೆ ಎಳೆದುಕೊಂಡ. "ನೋಡು. ಇಲ್ಲಿ ಹತ್ತು ಜನ ಊಟಕ್ಕೆ ಕೂತಿದ್ದಾರೆ ಅನ್ಕೋ. ಆರು ಜನ ಕಾಡ್ ಮೀನು ಕೇಳ್ತಾರೆ, ನಾಲ್ಕು ಜನ ಪರ್ಚ್. ಯಾವ್ದು ಗೆಲ್ತು?"

"ಕಾಡ್."

"ಈಗ ಅಡುಗೆಯವಳು ಬಂದು, ಇವತ್ತು ವಾಲೈ ಮೀನೂ ಇದೆ ಅಂದ್ಲು. ಕಾಡ್ ತಿನ್ನೋರಲ್ಲಿ ಮೂರು ಜನಕ್ಕೆ ಆಸೆ ಆಯ್ತು, ಆ ಕಡೆ ಹಾರಿದ್ರು. ಪರ್ಚ್‌ನೋರು ಕೂತಲ್ಲೇ ಕೂತಿದ್ದಾರೆ. ಎಣ್ಸು."

ವೆಂಡಲ್ ಬೆರಳು ಮಡಚಿದ. "ಕಾಡ್ ಮೂರು, ವಾಲೈ ಮೂರು… ಪರ್ಚ್ ನಾಲ್ಕು! ಪರ್ಚ್ ಗೆದ್ದುಬಿಡ್ತಲ್ಲೋ!"

"ಒಬ್ಬನೇ ಒಬ್ಬ ಹೊಸ ಗಿರಾಕಿನೂ ಬರ್ದೇನೆ. ಇದೇ ವೋಟು ಒಡೆಯೋದು ಅಂದ್ರೆ. ಒಂದೇ ಒಂದು ವಿಷಯ, ಪರ್ಚ್‌ನೋರು ವಾಲೈ ರುಚಿ ನೋಡ್ಬಾರ್ದು…"

ಈ ಕೊನೆಯ ಮಾತು ವೆಂಡಲನ ಕಿವಿಗೆ ಬೀಳಲಿಲ್ಲ. ಅವನು ಆಗಲೇ ಚಡ್ಡಿ ಹಾಕಿಕೊಂಡು ಎಪ್ಪತ್ತೆರಡು ಡಿಗ್ರಿಯಲ್ಲಿ ವಿಹರಿಸುತ್ತಿದ್ದ. ಆನೆಯ ಕಡೆಯವರಲ್ಲಿ ಹತ್ತು ಜನ, ಬೇಡ, ಐದೇ ಜನ ಹವಾಮಾನದವನ ಕಡೆ ಹಾರಿದರೆ ಕೀಲಿ ತನ್ನ ಕೊರಳಿಗೆ. ಆ ಐವರಲ್ಲಿ ಒಬ್ಬಳು ಆರ್ಡಿಸಳೇ ಆಗಿಬಿಟ್ಟರೆ? ಅವಳ ಕೈಯಿಂದಲೇ ಅವಳ ಕೀಲಿ ಕಿತ್ತುಕೊಂಡಂತೆ! ಈ ಯೋಚನೆ ಎಷ್ಟು ಸೊಗಸಾಗಿತ್ತೆಂದರೆ ವೆಂಡಲ್ ಅಂದು ಎರಡನೆಯ ತಟ್ಟೆ ಮೀನು ತರಿಸಿದ.

ಮರುವಾರವೇ ಅವನು ಕ್ವಿಲ್ ಸಾಹೇಬನ ಕಚೇರಿಗೆ ಫೋನು ಮಾಡಿ, ಲಿಟಲ್ ಆಟರಿನ ಹೊಣೆಯನ್ನೆಲ್ಲ ತಾನೇ ಹೊತ್ತುಕೊಂಡ. ಹೊರಲು ಬೇರೆ ಯಾರೂ ಮುಂದೆ ಬಂದಿರಲಿಲ್ಲವಾದ್ದರಿಂದ ಅವರಿಗೂ ಸಂತೋಷವಾಯಿತು. ಒಂದು ಪೆಟ್ಟಿಗೆ ತುಂಬ ಹಸಿರು ಕರಪತ್ರ, ಅಂಗಳದಲ್ಲಿ ನೆಡುವ ಹಸಿರು ಫಲಕ, ಅಂಗಿಗೆ ಚುಚ್ಚಿಕೊಳ್ಳುವ ಹಸಿರು ಬಿಲ್ಲೆ ಬಂದವು. ವೆಂಡಲ್ ಮೊದಲ ಫಲಕವನ್ನು ತನ್ನ ಮನೆಯ ಮುಂದೆಯೇ ನೆಟ್ಟ. ಮೂವತ್ತು ವರ್ಷ ಆ ಅಂಗಳದಲ್ಲಿ ಚುನಾವಣೆ ಬಂತೆಂದರೆ ಎಡಕ್ಕೆ ಕತ್ತೆ, ಬಲಕ್ಕೆ ಆನೆ, ನಡುವೆ ಅಂಚೆಯ ಡಬ್ಬಿ ಇರುತ್ತಿದ್ದವು.

ಆರ್ಡಿಸ್ ಬಾಗಿಲಿಗೆ ಬಂದು ನೋಡಿದಳು. "ಏನಿದು? ಕತ್ತೆ ಎಲ್ಲಿ?"

"ಕತ್ತೆ ಸಾಕಾಯ್ತು ಆರ್ಡಿಸ್," ಎಂದ ವೆಂಡಲ್, ಅತ್ಯಂತ ವಿಷಾದದಿಂದ. "ಆನೆನೂ ಸಾಕು, ಕತ್ತೆನೂ ಸಾಕು. ದೇಶಕ್ಕೆ ಬೇಕಾಗಿರೋದು ಪ್ರಾಮಾಣಿಕ ಮನುಷ್ಯ. ತಪ್ಪಾದ್ರೆ ತಪ್ಪಾಯ್ತು ಅನ್ನೋನು."

"ನೀನು ಯಾವತ್ತು ಅಂದಿದ್ದೀಯ?"

"ಅದಕ್ಕೇ ಅಂತೋನು ಬೇಕು ಅಂತಿರೋದು."

ಆರ್ಡಿಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಂದು ಕರಪತ್ರ ತೆಗೆದುಕೊಂಡು ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು, ಅದರ ಹಿಂದೆ ಮುಂದೆ ಎರಡೂ ಕಡೆ ಓದಿದಳು. ವೆಂಡಲ್ ಮುಂದಿನ ಕಡೆ ಮಾತ್ರ ಓದಿದ್ದ, ಅದೂ ಮೊದಲ ಭರವಸೆಯನ್ನು ಮಾತ್ರ. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ. ಆ ಸಂಜೆಯೇ ಆರ್ಡಿಸ್ ಪೇಟೆಗೆ ಹೋಗಿ ಒಂದು ಚೀಲ ಹಸಿರು ಉಣ್ಣೆ ತಂದು ಏನೋ ಹೆಣೆಯಲು ಶುರುಮಾಡಿದಳು. ತಂಗಿಯ ಮೊಮ್ಮಗುವಿಗೆ ಕಂಬಳಿ ಇರಬೇಕೆಂದು ವೆಂಡಲ್ ಅಂದುಕೊಂಡ.

ಮೊದಲ ಭರವಸೆ ಏನೆಂದರೆ, ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವ ಪದ್ಧತಿಯನ್ನು ತೆಗೆದುಹಾಕುವುದು. ವಸಂತದಲ್ಲಿ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ. ಯಾಕೆಂದು ಯಾರೂ ಖಚಿತವಾಗಿ ಹೇಳಲಾರರು. ಮನುಷ್ಯರು ಗೊಣಗಿಕೊಂಡು ಹೊಂದಿಕೊಳ್ಳುತ್ತಾರೆ. ಹಸುಗಳಿಗೆ ಮಾತ್ರ ಇದನ್ನು ತಿಳಿಸಿ ಹೇಳಿದವರಿಲ್ಲ.

ವೆಂಡಲ್ ಬೇಸಿಗೆಯೆಲ್ಲ ಮನೆ ಮನೆ ಸುತ್ತಿದ. ಅವನ ಲೆಕ್ಕಾಚಾರ ಸರಳವಾಗಿತ್ತು. ಆನೆಯವರ ಮನೆಗೆ ಮಾತ್ರ ಹೋಗಬೇಕು, ಕತ್ತೆಯವರ ಓಣಿಗೆ ಕಾಲಿಡಬಾರದು. ಆದರೆ ಇನ್ನೂರೈವತ್ತು ಚಿಲ್ಲರೆ ವೋಟಿರುವ ಊರಿನಲ್ಲಿ ಓಣಿಗಳೆಲ್ಲಿ? ಆನೆಯವರ ಮನೆಯ ಮೊಗಸಾಲೆಯಲ್ಲಿ ಕತ್ತೆಯವರು ಕಾಫಿ ಕುಡಿಯುತ್ತ ಕೂತಿರುತ್ತಿದ್ದರು. ವೆಂಡಲ್ ಮಾತಾಡಿದ್ದನ್ನು ಅವರೂ ಕೇಳಿಸಿಕೊಳ್ಳುತ್ತಿದ್ದರು.

ಆನೆಯವರು ಹೇಳುತ್ತಿದ್ದದ್ದು: "ವೆಂಡಲ್ ಕ್ರೂಗರ್ ಹೊಗಳ್ತಿದ್ದಾನೆ ಅಂದ್ರೆ ಇದ್ರಲ್ಲೇನೋ ಮಸಲತ್ತಿದೆ."

ಕತ್ತೆಯವರು ಹೇಳುತ್ತಿದ್ದದ್ದು: "ಅಯ್ಯೋ, ವೆಂಡಲ್ಲೇ ಕತ್ತೆ ಬಿಟ್ಟ ಅಂದ್ರೆ ಇದ್ರಲ್ಲೇನೋ ಸತ್ಯ ಇರ್ಬೇಕು."

ಈ ಎರಡನೆಯ ಮಾತು ಅವನ ಮುಂದೆ ಯಾರೂ ಆಡಲಿಲ್ಲ. ಮುಂದೆ ಆಡಿದ್ದೆಲ್ಲ ಹೊಗಳಿಕೆ. ಆ ಹೊಗಳಿಕೆ ಬರಬರುತ್ತ ತಲೆಗೇರಿತು. ಲಾರಿಯಲ್ಲಿ ಮೂವತ್ತು ವರ್ಷ ಒಬ್ಬನೇ ಕೂತು ಮಾತಾಡದೆ ಇದ್ದ ಮನುಷ್ಯನಿಗೆ ಇದ್ದಕ್ಕಿದ್ದಂತೆ ವಾಕ್ಚಾತುರ್ಯ ಬಂತು. ಇಗರ್ಜಿಯ ನೆಲಮಾಳಿಗೆಯ ಊಟದಲ್ಲಿ ಎದ್ದು ನಿಂತು "ಬಂಧುಗಳೇ" ಎಂದ. ಕನ್ನಡಿಯ ಮುಂದೆ ಕೈ ಎತ್ತುವುದನ್ನು ಅಭ್ಯಾಸ ಮಾಡಿದ. ಮನೆಯಲ್ಲಿ ಸಭೆ ಕರೆದ. ಸಭೆಗೆ ಆರ್ಡಿಸಳೇ ಕುಂಬಳಕಾಯಿಯ ಸಿಹಿ ಮಾಡಿ, ಕಾಫಿ ಕೊಟ್ಟು, ಮೂಲೆಯಲ್ಲಿ ಹಸಿರು ಉಣ್ಣೆ ಹೆಣೆಯುತ್ತ ಕೂತಳು.

ಒಂದು ದಿನ ಸಭೆ ಮುಗಿದ ಮೇಲೆ ಅವಳು ಕೇಳಿದಳು: "ವೆಂಡಲ್, ನೀನು ನಿಜವಾಗ್ಲೂ ಇವನ್ನೆಲ್ಲ ನಂಬ್ತೀಯ?"

"ಇದೇನು ಹೀಗೆ ಕೇಳ್ತೀಯ? ಎದೆ ಮುಟ್ಟಿ ಹೇಳ್ತೀನಿ."

"ಹೂಂ. ನನಗೂ ನಂಬಿಕೆ ಬರ್ತಾ ಇದೆ. ನೀನು ಇಷ್ಟು ಚೆನ್ನಾಗಿ ಮಾತಾಡ್ತೀಯ ಅಂತಾನೇ ಗೊತ್ತಿರ್ಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಹತ್ರ ಆಡಿದ್ದು ಒಂದೇ ಮಾತು, ಚಳಿ ಚಳಿ ಅಂತ." ಅವಳ ಕಣ್ಣಲ್ಲಿ ನಿಜವಾದ ಅಭಿಮಾನವಿತ್ತು. "ಈ ಸಲ ನಾನೂ ಕ್ವಿಲ್‌ಗೇ ಹಾಕೋದು."

ವೆಂಡಲನ ಎದೆಯಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷ. ಇನ್ನೊಂದು, ಎಲ್ಲೋ ಒಳಗೆ ಸಣ್ಣ ಚುಚ್ಚು. ಇಷ್ಟು ವರ್ಷಕ್ಕೆ ಹೆಂಡತಿ ಮೊದಲ ಸಲ ತನ್ನ ಮಾತನ್ನು ಮೆಚ್ಚಿದಳು, ಅದೂ ಸುಳ್ಳು ಮಾತನ್ನು. ಅವತ್ತು ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಅಕ್ಟೋಬರಿನ ಮೊದಲ ಹಿಮ ಬಿದ್ದ ದಿನ, ಬಚ್ಚಲಿನ ನಲ್ಲಿಯ ನೀರು ಬೆರಳು ಕಚ್ಚಿದಾಗ, ಆ ಚುಚ್ಚು ತಾನಾಗಿ ಮಾಯವಾಯಿತು.

ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿತು. ಅದಾದ ಎರಡೇ ದಿನಕ್ಕೆ, ಮಂಗಳವಾರ, ಚುನಾವಣೆ.

ವೆಂಡಲ್ ಬೆಳಿಗ್ಗೆ ಏಳಕ್ಕೆಲ್ಲ ಊರಿನ ಸಭಾಮಂದಿರದ ಬಾಗಿಲಲ್ಲಿ ಮೊದಲನೆಯವನಾಗಿ ನಿಂತಿದ್ದ. ಅಂಗಿಯ ಮೇಲೆ ಇದ್ದ ಹಸಿರು ಬಿಲ್ಲೆಯನ್ನು ನಿಯಮದ ಪ್ರಕಾರ ಹೊರಗೇ ಕಳಚಿ ಜೇಬಿಗಿಟ್ಟುಕೊಂಡು ಒಳಗೆ ಹೋದ. ಮತಪತ್ರದಲ್ಲಿ ಮೂರು ಹೆಸರು. ಡೆಲ್ಬರ್ಟ್ ಕ್ವಿಲ್‌ನ ಹೆಸರು ಕಂಡಾಗ ಪೆನ್ನು ಒಂದು ಕ್ಷಣ ಅಲ್ಲಿ ನಿಂತಿತೆಂಬುದನ್ನು ಮುಚ್ಚಿಡಬಾರದು. ತಿಂಗಳುಗಟ್ಟಲೆ ಹೊಗಳಿದ ಮನುಷ್ಯ! ಆದರೆ ಅಜ್ಜ ನೆನಪಾದ, ಎಪ್ಪತ್ತೆರಡು ಡಿಗ್ರಿ ನೆನಪಾಯಿತು. ಕತ್ತೆಯ ಮುಂದಿನ ಗುಂಡನೆಯ ಜಾಗವನ್ನು ಕಪ್ಪಾಗಿ ತುಂಬಿ, ಶಿಳ್ಳೆ ಹಾಕಿಕೊಂಡು ಹೊರಬಂದ.

ಸಂಜೆ ಎಂಟಕ್ಕೆ ಮತದಾನ ಮುಗಿಯಿತು. ಲಿಟಲ್ ಆಟರಿನಲ್ಲಿ ಇನ್ನೂ ಕೈಯಲ್ಲೇ ಎಣಿಸುತ್ತಾರೆ, ಯಾರು ಬೇಕಾದರೂ ಬಂದು ಕೂತು ನೋಡಬಹುದು. ಬೇರೆ ಮನರಂಜನೆ ಇಲ್ಲದ ಊರಾದ್ದರಿಂದ ನಲವತ್ತು ಜನ ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಗುಮಾಸ್ತೆ ಬರ್ನೀಟಾ ಪ್ರೋಬ್ಸ್ಟ್, ಶಾಲೆಯಲ್ಲಿ ಹಾಜರಿ ಕೂಗುವ ಧ್ವನಿಯ ಹೆಂಗಸು, ಒಂದೊಂದೇ ಪತ್ರ ತೆಗೆದು ಹೆಸರು ಕೂಗಿ ಹಲಗೆಯ ಮೇಲೆ ಗೀಟು ಹಾಕಿಸುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಮೊದಲ ಪೆಟ್ಟಿಗೆ ತುಂಬಿ ಎರಡನೆಯದನ್ನು ಇಟ್ಟಿದ್ದರಂತೆ. ಮೊದಲ ಪೆಟ್ಟಿಗೆಯ ಎಣಿಕೆ ಮುಗಿಯಿತು.

"ಆನೆ ಅರವತ್ತೊಂದು. ಕತ್ತೆ ಅರವತ್ನಾಲ್ಕು. ಕ್ವಿಲ್ ಹತ್ತೊಂಬತ್ತು," ಎಂದಳು ಬರ್ನೀಟಾ.

ಕಾಡ್ ಅರವತ್ತೊಂದು! ಪರ್ಚ್ ಅರವತ್ನಾಲ್ಕು! ವಾಲೈ ಹತ್ತೊಂಬತ್ತು! ಮೀನಿನ ತಟ್ಟೆಯ ಗಣಿತ ಅಂಕಿ ತಪ್ಪದೆ ಹಲಗೆಯ ಮೇಲೆ ಇಳಿದಿತ್ತು. ಏಪ್ರಿಲಿನಿಂದ ಬಾಯಿ ಕಟ್ಟಿಕೊಂಡಿದ್ದ ವೆಂಡಲನಿಗೆ ಇನ್ನು ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದು ನಿಂತ. ತಿಂಗಳುಗಟ್ಟಲೆ ಮಾಡಿದ ಭಾಷಣದ ಅಭ್ಯಾಸದಿಂದ ಕೈ ತಾನಾಗಿಯೇ ಮೇಲೆದ್ದಿತು.

"ಬಂಧುಗಳೇ! ಇನ್ನು ಮುಚ್ಚುಮರೆ ಯಾಕೆ? ನೀವೆಲ್ಲ ವೆಂಡಲ್ ಕ್ರೂಗರ್ ಕತ್ತೆ ಬಿಟ್ಟ ಅಂದ್ಕೊಂಡಿದ್ರಿ ಅಲ್ವಾ? ಬಿಟ್ಟಿಲ್ಲ! ಇವತ್ತು ಬೆಳಿಗ್ಗೆ ಏಳು ಗಂಟೆಗೆ, ಈ ಕೈಯಿಂದ, ಕತ್ತೆಗೇ ಹಾಕಿದ್ದೀನಿ. ಆನೆ ವೋಟು ಒಡೀಬೇಕಿತ್ತು, ಒಡೆದೆ. ಆರ್ಡಿಸ್, ಬೇಜಾರು ಮಾಡ್ಕೋಬೇಡ. ರಾಜಕೀಯ ಅಂದ್ರೆ ಹೀಗೇನೆ. ಎಲ್ಲಿ, ಕೀಲಿ ಕೊಡು."

ಆರ್ಡಿಸಳ ಹೆಣಿಗೆಯ ಕಡ್ಡಿ ನಿಂತಿತು. ಅವಳು ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ವೆಂಡಲನಿಗೆ ಅಕ್ಟೋಬರಿನಲ್ಲಿ ಮಾಯವಾಗಿದ್ದ ಆ ಚುಚ್ಚು ಮತ್ತೆ ಎದ್ದಿತು.

"ಇನ್ನೊಂದು ಪೆಟ್ಟಿಗೆ ಇದೆಯಲ್ಲ ವೆಂಡಲ್," ಎಂದಳು ಮೆಲ್ಲಗೆ. "ಕೂತ್ಕೋ."

ಎರಡನೆಯ ಪೆಟ್ಟಿಗೆ ತೆರೆಯಿತು.

"ಕ್ವಿಲ್," ಎಂದಳು ಬರ್ನೀಟಾ. "ಕ್ವಿಲ್. ಕ್ವಿಲ್. ಆನೆ. ಕ್ವಿಲ್. ಕ್ವಿಲ್. ಕತ್ತೆ. ಕ್ವಿಲ್…"

ಬೆಳಿಗ್ಗೆ ವೋಟು ಹಾಕಿದವರು ನಿವೃತ್ತರು, ಅಂಗಡಿಯವರು, ಮೇಷ್ಟರುಗಳು. ಮೂರು ಗಂಟೆಯ ಮೇಲೆ ಬಂದವರು ಹೈನಿನ ರೈತರು. ಹಸುಗಳಿಗೆ ಗಡಿಯಾರ ತಿರುಗಿದ್ದು ಗೊತ್ತಿಲ್ಲ. ಐದಕ್ಕೆ ಹಾಲು ಕರೆಸಿಕೊಳ್ಳುವ ಹಸುಗಳು ಭಾನುವಾರದಿಂದ ನಾಲ್ಕಕ್ಕೇ ಕೆಚ್ಚಲು ಬಿಗಿದು ಅಂಬಾ ಎಂದು ಊರನ್ನೇ ಎಬ್ಬಿಸುತ್ತಿದ್ದವು. ಎರಡು ದಿನ ನಿದ್ದೆಗೆಟ್ಟು, ಕೆಂಪು ಕಣ್ಣು ಬಿಟ್ಟುಕೊಂಡು, ಕೊಟ್ಟಿಗೆಯ ಬೂಟಿನಲ್ಲೇ ಬಂದ ಆ ರೈತರಿಗೆ ಆನೆಯೂ ನೆನಪಾಗಲಿಲ್ಲ, ಕತ್ತೆಯೂ ನೆನಪಾಗಲಿಲ್ಲ. ನೆನಪಾದದ್ದು ಒಂದೇ. ವೆಂಡಲ್ ಕ್ರೂಗರ್ ತಮ್ಮ ಮೊಗಸಾಲೆಯಲ್ಲಿ ನಿಂತು, ಕೈ ಎತ್ತಿ, "ಇನ್ಮೇಲೆ ಗಡಿಯಾರ ಮುಟ್ಟೋ ಹಾಗಿಲ್ಲ!" ಎಂದು ಗುಡುಗಿದ್ದು.

ವೆಂಡಲ್ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಲೈಲ್‌ನ ಕಡೆ ತಿರುಗಿದ. "ಲೈಲ್! ನೀನೂನಾ?"

ಲೈಲ್ ಒಂದು ಕಣ್ಣು ತೆರೆದ. "ಎಪ್ಪತ್ತು ಹಸು ಕಣೋ. ನಾಲ್ಕು ಗಂಟೆಗೆ. ಪರ್ಚ್‌ನೋರು ರುಚಿ ನೋಡ್ಬಾರ್ದು ಅಂತ ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಮತ್ತೆ ಕಣ್ಣು ಮುಚ್ಚಿದ.

ಬರ್ನೀಟಾ ಕೂಡಿಸಿ ಓದಿದಳು: "ಆನೆ ಎಂಬತ್ಮೂರು. ಕತ್ತೆ ಎಂಬತ್ತೆರಡು. ಡೆಲ್ಬರ್ಟ್ ಕ್ವಿಲ್ ಎಂಬತ್ತೊಂಬತ್ತು. ಲಿಟಲ್ ಆಟರಿನಲ್ಲಿ ಕ್ವಿಲ್ ಮುಂದೆ."

ಹಿಂದಿನ ಸಾಲಿನ ರೈತರು ಎಚ್ಚರಗೊಂಡು ಚಪ್ಪಾಳೆ ತಟ್ಟಿದರು. ವೆಂಡಲನ ತಲೆ ಇಂಥ ಹೊತ್ತಿನಲ್ಲಿ ಬೇಗ ಓಡುತ್ತದೆ. ಅವನು ಜೇಬಿನಿಂದ ಹಸಿರು ಬಿಲ್ಲೆ ತೆಗೆದು ಎದೆಗೆ ಚುಚ್ಚಿಕೊಂಡ.

"ನೋಡಿದ್ಯಾ ಆರ್ಡಿಸ್! ನಮ್ಮೋನೇ ಗೆದ್ದ! ಈ ಊರಲ್ಲಿ ಕ್ವಿಲ್ ಅಂದ್ರೆ ವೆಂಡಲ್, ವೆಂಡಲ್ ಅಂದ್ರೆ ಕ್ವಿಲ್. ಯಾರನ್ನ ಬೇಕಾದ್ರೂ ಕೇಳು. ಕೀಲಿ…"

"ಕರಾರಿನಲ್ಲಿ ಏನಿದೆ ವೆಂಡಲ್? ಯಾರು ಭಾಷಣ ಮಾಡಿದ ಅಭ್ಯರ್ಥಿ ಅಂತಿದೆಯಾ, ಯಾರು ವೋಟು ಹಾಕಿದ ಅಭ್ಯರ್ಥಿ ಅಂತಿದೆಯಾ?"

"ವೋಟು ಗುಟ್ಟು! ನಾನು ಯಾರಿಗೆ ಹಾಕ್ದೆ ಅಂತ ಯಾರಿಗೆ ಗೊತ್ತು?"

ಮಡಚುವ ಕುರ್ಚಿಗಳ ಮೇಲಿದ್ದ ನಲವತ್ತು ಜನವೂ ಒಟ್ಟಿಗೆ ಗಂಟಲು ಸರಿಪಡಿಸಿಕೊಂಡರು.

"ಬೆಳಿಗ್ಗೆ ಏಳು ಗಂಟೆಗೆ," ಎಂದಳು ಬರ್ನೀಟಾ, ಹಾಜರಿ ಕೂಗುವ ಧ್ವನಿಯಲ್ಲಿ. "ಈ ಕೈಯಿಂದ."

ಇಬ್ಬರೂ ವ್ಯಾನಿನಲ್ಲಿ ಮನೆಗೆ ಹೊರಟರು. ಮನೆಯ ಮುಂದಿನ ಅಂಚೆಯ ಡಬ್ಬಿಯ ಹತ್ತಿರ ಬಂದಾಗ ವೆಂಡಲ್ ಇಂಜಿನು ನಿಲ್ಲಿಸಿದ. "ಆರ್ಡಿಸ್, ತಪ್ಪಾಯ್ತು," ಎಂದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಪದ ಅವನ ಬಾಯಿಂದ ಬಂದದ್ದು ಇದೇ ಮೊದಲು. ಅವನ ಮೀಸೆಯೇ ಬೆಚ್ಚಿತು.

ಆರ್ಡಿಸ್ ಅವನ ಕಡೆ ತಿರುಗಿದಳು. "ನೀನು ನಂಬದೆ ಆಡಿದ್ದನ್ನ ಊರೆಲ್ಲ ನಂಬ್ತು. ನಾನೂ ನಂಬ್ದೆ. ಅದು ಸುಳ್ಳು ಅಂತ ಗೊತ್ತಾದಾಗ ಅಳುನೇ ಬಂತು ನೋಡು." ಆಮೇಲೆ ಅವಳ ತುಟಿಯ ಮೂಲೆ ಅಲುಗಿತು. "ಆದ್ರೂ ಎಂಬತ್ತೊಂಬತ್ತು ವೋಟು ಕಣೋ! ನೀನು ನಿಜಕ್ಕೂ ನಂಬಿ ಆಡಿದ್ರೆ ಏನಾಗ್ತಿತ್ತೋ!" ಎಂದು ನಕ್ಕಳು. ಅವನೂ ನಕ್ಕ. ಅಲ್ಲಿಗೆ ಎಲ್ಲ ಸರಿಹೋಯಿತೆಂದು ಪಾಪ, ಅವನು ತಿಳಿದ.

ಒಳಗೆ ಹೋಗಿ ಆರ್ಡಿಸ್ ಕೊರಳ ಕೀಲಿಯಿಂದ ಡಬ್ಬಿಯ ಬೀಗ ತೆಗೆದಳು. ವೆಂಡಲ್ ಟೊಪ್ಪಿಗೆ ಕಳಚಿದ. ಕ್ಷಮಿಸಿದ್ದಾಳೆ, ಒಂದೆರಡು ಡಿಗ್ರಿ ಏರಿಸುತ್ತಾಳೆ! ಅವಳು ಗುಂಡಿಯನ್ನು ತಿರುಗಿಸಿದಳು. ಅರವತ್ತೊಂದು, ಅರವತ್ತು, ಐವತ್ತೊಂಬತ್ತು, ಐವತ್ತೆಂಟು.

"ಆರ್ಡಿಸ್! ಆ ಕಡೆ ಅಲ್ಲ, ಈ ಕಡೆ!"

"ಗೆದ್ದೋರ ಮಾತು ನಡೀಬೇಕಲ್ವಾ?" ಎಂದು ಅವಳು ಹಸಿರು ಕರಪತ್ರವನ್ನು ತಿರುಗಿಸಿ ಅವನ ಕೈಗೆ ಕೊಟ್ಟಳು. ಹಿಂದಿನ ಕಡೆ, ಸಣ್ಣ ಅಕ್ಷರದಲ್ಲಿ, ಏಳನೆಯ ಭರವಸೆ ಇತ್ತು. ಇಂಧನ ಉಳಿಸಲು ದೇಶದ ಪ್ರತಿ ಮನೆಯೂ ಚಳಿಗಾಲದಲ್ಲಿ ಐವತ್ತೆಂಟು ಡಿಗ್ರಿಗೆ ಇಳಿಯಬೇಕು, ಉಳಿದದ್ದಕ್ಕೆ ಸ್ವೆಟರ್ ಇದೆ.

ಆಮೇಲೆ ಅವಳು ಏಪ್ರಿಲಿನಿಂದ ಹೆಣೆಯುತ್ತಿದ್ದ ಹಸಿರು ಉಣ್ಣೆಯನ್ನು ಬಿಡಿಸಿ ಅವನ ಎದೆಗೆ ಹಿಡಿದು ನೋಡಿದಳು. ತೋಳಿನ ಉದ್ದ ಒಂದು ನೂಲೂ ಆಚೀಚೆ ಇರಲಿಲ್ಲ.

ದೇಶದಲ್ಲಿ ಡೆಲ್ಬರ್ಟ್ ಕ್ವಿಲ್‌ಗೆ ನೂರಕ್ಕೆ ಒಂದೂವರೆ ವೋಟು ಬಂದು, ಅವನು ಟೀವಿಯಲ್ಲಿ ಎಂದಿನಂತೆ ಕ್ಷಮೆ ಕೇಳಿದ. ಮರುದಿನ ಬೆಳಿಗ್ಗೆ ವೆಂಡಲ್ ಹಸಿರು ಸ್ವೆಟರ್, ಟೊಪ್ಪಿಗೆ, ಗವಸು ಸಮೇತ ಸೋಫಾದ ಮೇಲೆ ಪತ್ರಿಕೆಯೊಡನೆ ಗುದ್ದಾಡುತ್ತಿದ್ದಾಗ ಫೋನು ಬಂತು. ಲೈಲ್. ಅವನ ಹಲ್ಲು ಕಟಕಟ ಎನ್ನುವುದು ಈ ಕಡೆಗೂ ಕೇಳುತ್ತಿತ್ತು.

"ವೆಂಡಲ್, ಮನೆಹಾಳ! ನೀನು ಹಂಚಿದ ಆ ಹಸಿರು ಕಾಗದದ ಹಿಂದುಗಡೆ ಏನಿದೆ ಅಂತ ಓದಿದ್ಯೇನೋ? ನನ್ನ ಹೆಂಡ್ತಿ ಓದಿದ್ಲು. ಐವತ್ತೆಂಟಕ್ಕೆ ಇಳ್ಸಿದ್ದಾಳೆ. ನಮ್ಮನೇಲಿ ಮಾತ್ರ ಅಲ್ಲ, ಈ ಸಾಲಿನಲ್ಲಿ ಎಲ್ಲರ ಮನೇಲೂ! ಗಂಡಸ್ರೆಲ್ಲ ಟೊಪ್ಪಿಗೆ ಹಾಕ್ಕೊಂಡು ನಿನ್ನ ಮನೆ ಕಡೆಗೇ ಹೊರಟಿದ್ದಾರೆ!"

ವೆಂಡಲ್ ಗವಸಿನ ಕೈಯಿಂದ ಫೋನನ್ನು ಮೆಲ್ಲಗೆ ಕೆಳಗಿಟ್ಟ.

"ಯಾರದು ವೆಂಡಲ್?" ಅಡುಗೆಮನೆಯಿಂದ ಆರ್ಡಿಸ್ ಕೂಗಿದಳು.

"ಮತದಾರರು," ಎಂದ ವೆಂಡಲ್, ಮತ್ತು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದ.